ಸೋತವರ ಹಾಡು

ವರ್ಡಾ ಕಿಂಜರ್ ಮೂವತ್ತೆರಡು ವರ್ಷ ಟ್ಯಾರೋ ಕಾಲೇಜಿನ ಅಡುಗೆಮನೆಯಲ್ಲಿ ದುಡಿದವಳು. ಟ್ಯಾರೋಗೂ ಹೊಳೆಯಾಚೆಯ ವೆಕ್ಸ್ಲಿ ಕಾಲೇಜಿಗೂ ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್ ಪಂದ್ಯ. ವೆಕ್ಸ್ಲಿಯ ಮೈದಾನ ಹೊಳೆ ಬಂದಾಗಲೆಲ್ಲ ಮುಳುಗುತ್ತದೆಂದು ಆಟ ಯಾವಾಗಲೂ ಟ್ಯಾರೋದಲ್ಲೇ. ಆ ಪಂದ್ಯವೆಂದರೆ ವರ್ಡಾಳಿಗೆ ಜೀವ. ಆದರೆ ಒಂದನ್ನೂ ಕಣ್ಣಾರೆ ಕಂಡವಳಲ್ಲ. ಆಟ ಮುಗಿದ ಮೇಲೆ ಎರಡೂ ಕಡೆಯವರು ಒಟ್ಟಿಗೆ ಕೂತು ಕೋಳಿ-ಜೋಳದ ಸೂಪು ಕುಡಿಯುವುದು ವಾಡಿಕೆ, ಆ ಸೂಪಿನ ಹಂಡೆ ಅವಳ ಪಾಲಿನದು. ಕಿಟಕಿ ತೆರೆದಿಟ್ಟು, ಸೌಟು ಆಡಿಸುತ್ತ, ಬರೀ ಕೂಗು ಕೇಳಿಯೇ ಯಾರು ಮುಂದೆ ಯಾರು ಹಿಂದೆ ಎಂದು ಹೇಳಿಬಿಡುತ್ತಿದ್ದಳು.

ಈಗ ಅವಳಿಗೆ ನಿವೃತ್ತಿಯಾಗಿದೆ. ವಿದ್ಯಾರ್ಥಿಗಳಿಲ್ಲದೆ ವೆಕ್ಸ್ಲಿ ಕಾಲೇಜು ಬರುವ ಬೇಸಿಗೆಗೆ ಶಾಶ್ವತವಾಗಿ ಮುಚ್ಚುತ್ತದೆ. ಇದೇ ಕಡೆಯ ಪಂದ್ಯ. ಇವತ್ತು ನೋಡದಿದ್ದರೆ ಇನ್ನೆಂದೂ ಇಲ್ಲ.

ಟ್ಯಾರೋದ ಬಣ್ಣವೆಂದು ತಾನೇ ಹೆಣೆದ ಕೆಂಪು ಟೋಪಿ ಹಾಕಿಕೊಂಡು ಹೊರಟಳು. ಟ್ಯಾರೋ ಕಡೆಯ ಬಾಗಿಲಲ್ಲಿ ಬಂದವರ ಎದೆಗೆ ಅವರು ಓದಿದ ವರ್ಷದ ಬಿಲ್ಲೆ ಚುಚ್ಚುತ್ತಿದ್ದ ಹುಡುಗಿ, ನಗುನಗುತ್ತಲೇ, ಯಾವ ವರ್ಷದ ಬ್ಯಾಚು ಎಂದು ಕೇಳಿದಳು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳ ನಾಲಿಗೆ ಒಣಗಿತು. ಬಿಲ್ಲೆಯಿಲ್ಲದವರಿಗೆ ಆ ಕಡೆ ಜಾಗವಿಲ್ಲವೆಂದೇ ತಿಳಿದಳು. ಏನೋ ಮರೆತವಳಂತೆ ತಿರುಗಿ, ಮೈದಾನ ಸುತ್ತಿ, ಎದುರಾಳಿಗಳ ಬಾಗಿಲಿಂದ ಒಳಗೆ ಬಂದಳು. ಅಲ್ಲಿ ಯಾರೂ ಏನೂ ಕೇಳಲಿಲ್ಲ.

ವೆಕ್ಸ್ಲಿಯವರ ಹಳದಿ ಟೋಪಿಗಳ ನಡುವೆ ಅವಳದೊಂದೇ ಕೆಂಪು. ಪಕ್ಕದಲ್ಲಿ ಲಾಯ್ಡ್ ಸ್ಟೆಮ್ಲರ್ ಎಂಬ ಮುದುಕ, ತೊಡೆಯ ಮೇಲೆ ಹಸುವಿನ ಕೊರಳಗಂಟೆ ಇಟ್ಟುಕೊಂಡು ಕೂತಿದ್ದ.

"ದಾರಿ ತಪ್ಪಿ ಬಂದ್ರಾ, ತಾಯಿ?"

"ಈ ಕಡೆ ಬಿಸ್ಲು ಚೆನ್ನಾಗಿದೆ, ಯಜಮಾನ್ರೇ."

"ಕೂತ್ಕೊಳ್ಳಿ ಮತ್ತೆ. ನಿಮ್ಮ ಹುಡುಗ್ರು ಸೋಲೋದೂ ಇಲ್ಲಿಂದ ಚೆನ್ನಾಗೇ ಕಾಣ್ಸತ್ತೆ."

ಆಟ ಶುರುವಾಯಿತು. ವರ್ಡಾಳಿಗೆ ಹುಡುಗರ ರಾಶಿ ಬಿಟ್ಟರೆ ಏನೂ ಕಾಣಲಿಲ್ಲ. ಚೆಂಡು ಯಾರ ಕೈಲಿದೆಯೆಂದು ಹುಡುಕುವಷ್ಟರಲ್ಲಿ ಎಲ್ಲರೂ ಬಿದ್ದಿರುತ್ತಿದ್ದರು. ಕೊನೆಗೆ ಕಣ್ಣು ಮುಚ್ಚಿಕೊಂಡಳು. ಆಗ ಎಲ್ಲ ತಿಳಿಯಾಯಿತು. ಲಾಯ್ಡ್ ಅವಳಿಗೆ ನಿದ್ದೆ ಬಂತೆಂದು ಚುಡಾಯಿಸಿದ. ನಿಮ್ಮವನು ಚೆಂಡು ಬಿಟ್ಟ, ನಮ್ಮವನು ಹಿಡಿದ, ಎಂದು ಅವಳು ಕಣ್ಣು ಮುಚ್ಚಿಕೊಂಡೇ ಹೇಳಿದಳು. ಅವನು ಮೈದಾನ ನೋಡಿದ, ಅವಳನ್ನು ನೋಡಿದ.

ಕಡೆಯ ನಿಮಿಷದಲ್ಲಿ ಸುತ್ತಲಿನ ಹಳದಿ ಟೋಪಿಗಳೆಲ್ಲ ಒಟ್ಟಿಗೆ ಉಸಿರು ಹಿಡಿದವು. ಆ ಮೌನ ಅವಳಿಗೆ ಗೊತ್ತಿತ್ತು. ಕಣ್ಣು ತೆರೆದಳು. ಕೆಂಪಂಗಿಯ ತೆಳ್ಳನೆ ಹುಡುಗನೊಬ್ಬ ಚೆಂಡನ್ನು ಕೂಸಿನ ಹಾಗೆ ಅವುಚಿಕೊಂಡು ಕೊನೆಯ ಗೆರೆ ದಾಟಿದ. ಟ್ಯಾರೋ ಗೆದ್ದಿತು. ಇಷ್ಟು ವರ್ಷ ಕೇಳಿದ್ದನ್ನು ಅವಳು ಒಮ್ಮೆ ಕಂಡಳು. ಎದ್ದು ನಿಂತು ಒಬ್ಬಳೇ ಚಪ್ಪಾಳೆ ತಟ್ಟಿದಳು. ಯಾರೂ ಬೈಯಲಿಲ್ಲ.

ಮೊದಲು ಸೋತವರ ಹಾಡು, ಆಮೇಲೆ ಗೆದ್ದವರದು. ಎರಡೂ ಊರಿನ ಪದ್ಧತಿ ಅದು. ವೆಕ್ಸ್ಲಿಯ ವಾದ್ಯದವರು ಹುಡುಗರಿಲ್ಲದೆ ಹಿಂದೆಯೇ ಚದುರಿ ಹೋಗಿದ್ದರಿಂದ ಬರೀ ಬಾಯಿಂದಲೇ ಹಾಡಬೇಕಾಯಿತು. ಮೊದಲ ಚರಣ ಹೇಗೋ ಮುಗಿಯಿತು. ಎರಡನೆಯದು ಯಾವಾಗಲೂ ಓದುವ ಹುಡುಗರ ಪಾಲಿನದು. ಈಗ ಉಳಿದಿದ್ದ ಹುಡುಗರೆಲ್ಲ ಆಟಗಾರರೇ, ಮೈದಾನದಲ್ಲಿ ತಲೆ ತಗ್ಗಿಸಿ ಅಳುತ್ತಿದ್ದರು. ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಡೆಯ ಸಲದ ಹಾಡು ಅರ್ಧಕ್ಕೇ ನಿಂತಿತು.

ಅಡುಗೆಮನೆಯ ಕಿಟಕಿ ಇದ್ದದ್ದು ವೆಕ್ಸ್ಲಿಯವರು ಕೂರುವ ಇದೇ ಕಟ್ಟೆಯ ಬೆನ್ನಿಗೆ. ತನ್ನ ಕಾಲೇಜಿನ ಹಾಡಿಗಿಂತ ಈ ಹಾಡೇ ವರ್ಡಾಳಿಗೆ ಚೆನ್ನಾಗಿ ಬಾಯಿಗೆ ಬರುತ್ತಿತ್ತು. ನಾಲ್ಕು ಜನರ ಎದುರು ಎಂದೂ ಬಾಯಿ ತೆರೆಯದವಳು ಟೋಪಿ ತೆಗೆದು ಎರಡನೇ ಚರಣ ಎತ್ತಿಕೊಂಡಳು. ದನಿ ಸಣ್ಣದು, ಸ್ವರ ಸರಿಯಿತ್ತು. ಎರಡನೇ ಸಾಲಿಗೆ ಲಾಯ್ಡ್ ಸೇರಿಕೊಂಡ, ಆಮೇಲೆ ಒಬ್ಬೊಬ್ಬರೇ ಎಲ್ಲರೂ.

ಹಾಡು ಮುಗಿದ ಮೇಲೆ ಲಾಯ್ಡ್ ಮೂಗೊರೆಸಿಕೊಂಡು ಕೇಳಿದ: "ನೀವು ನಮ್ಮಲ್ಲಿ ಯಾವ ವರ್ಷ ಓದಿದ್ದು, ತಾಯಿ?"

ಈ ಸಲ ಅವಳ ನಾಲಿಗೆ ಒಣಗಲಿಲ್ಲ.

"ಓದಿಲ್ಲ, ಯಜಮಾನ್ರೇ. ಮೂವತ್ತೆರಡು ವರ್ಷ ನಿಮಗೆ ಸೂಪು ಮಾಡಿದ್ದೀನಿ."

"ಓ, ಆ ಸೂಪು ನಿಮ್ದಾ? ನಾವು ಸೋತ ವರ್ಷ ಅದಕ್ಕೆ ಉಪ್ಪೇ ಇರ್ತಿರ್ಲಿಲ್ಲ."

"ಉಪ್ಪು ಯಾವಾಗ್ಲೂ ಒಂದೇ ಹಾಕಿದ್ದು."

ಅವನು ನಕ್ಕು ಗಂಟೆಯನ್ನು ಕಂಕುಳಲ್ಲಿಟ್ಟು, ಇನ್ನೊಂದು ಕೈಯನ್ನು ಮೆಟ್ಟಿಲಿಳಿಯಲು ಅವಳಿಗೆ ಚಾಚಿದ. ಇವತ್ತಿನ ಸೂಪು ಯಾರು ಮಾಡಿದರೋ, ಹೋಗಿ ನೋಡೋಣ ಎಂದ.