ಬೆಕ್ಕಿಗೆ ಹೆಸರಿಡಲಿಲ್ಲ

ಗಲ್ಫಿನ ಅಲ್ ಅಜೈಬಾದಲ್ಲಿ ಮಕ್ಕಳ ನರ್ಸರಿ ನಡೆಸುವ ಸುಹೈಲಾ, ಟೀಚರ್ ಕೆಲಸಕ್ಕೆ ಬರಲು ಹೇಳಿದ್ದ ಉಮಾವತಿಯನ್ನು ಕೊನೆಯ ಗಳಿಗೆಯಲ್ಲಿ ಬೇಡವೆಂದಳು. ಯಾಕೆಂದು ಕೇಳಿದ್ದಕ್ಕೆ ಮುಚ್ಚಿಡದೆ ಹೇಳಿದಳು: "ನೀವು ಮಕ್ಕಳಿಗೆ ಹೊಡೆಯುತ್ತೀರಂತೆ. ಕ್ಯಾರೋಲಿನ್ ಹೇಳಿದಳು."

ಕ್ಯಾರೋಲಿನ್ ಎದುರು ಫ್ಲ್ಯಾಟಿನವಳು, ಅದೇ ನರ್ಸರಿಯ ಟೀಚರು. ಆ ಕೆಲಸ ಅವಳ ತಂಗಿ ಕ್ಯಾರೆನ್‌ಗೆ ಸಿಕ್ಕಿತು. ಉಮಾವತಿಗೆ ಸಿಟ್ಟು ತಡೆಯಲಾಗಲಿಲ್ಲ. ಮಕ್ಕಳಿಲ್ಲದ ತನ್ನ ಮೇಲೆ ಹೇಳಲು ಅವಳಿಗೆ ಬೇರೆ ಸುಳ್ಳೇ ಸಿಗಲಿಲ್ಲವೇ?

ತಿಂಗಳು ತುಂಬುವ ಮೊದಲೇ ಕ್ಯಾರೋಲಿನ್ ಬಾಗಿಲು ತಟ್ಟಿದಳು. ತನ್ನ ಮಾತು ಇವಳ ಕಿವಿಗೆ ಬಿದ್ದದ್ದು ಅವಳಿಗೆ ಗೊತ್ತಿರಲಿಲ್ಲ.

"ಉಮಾ, ಸ್ಕೂಲಿಂದ ಬಂದ ಮೇಲೆ ನಾನು ಬರುವವರೆಗೆ ನಮ್ಮ ಕ್ರಿಸ್ಟಲ್‌ನ ಸ್ವಲ್ಪ ನೋಡಿಕೊಳ್ತೀಯಾ? ನಿನ್ನಷ್ಟು ನಂಬಿಕೆ ನಂಗೆ ಬೇರೆ ಯಾರ ಮೇಲೂ ಇಲ್ಲ ಮಾರಾಯ್ತಿ."

"ಅದಕ್ಕೆಂತ ಅಕ್ಕ, ಬಿಟ್ಟು ಹೋಗಿ" ಎಂದಳು ಉಮಾವತಿ.

ಮಗುವಿಗೆ ಊಟ ಹಾಕುತ್ತ ದಿನವೂ ಒಂದೇ ಕತೆ ಹೇಳಿದಳು. ಒಂದು ಬೆಕ್ಕು ಇತ್ತು. ಪಕ್ಕದ ಮನೆಯ ಕೋಳಿಯು ಸಿಕ್ಕಿದ ಮರಿಗಳನ್ನೆಲ್ಲ ಕುಕ್ಕುತ್ತದೆಂದು ಊರಿಗೆಲ್ಲ ಸಾರಿತು. ಆಮೇಲೆ ತನ್ನ ಮರಿಯನ್ನು ಅದೇ ಕೋಳಿಯ ಹತ್ತಿರ ಬಿಟ್ಟು ಬೇಟೆಗೆ ಹೋಯಿತು.

"ದೆನ್ ವೈ ಡಿಡ್ ಶಿ ಲೈ?" ಎಂದಳು ಕ್ರಿಸ್ಟಲ್.

"ನೀನೇ ಹೇಳು ಮಗಾ."

"ಆಂಟಿ, ಯಾಕೆ ಯಾವಾಗಲೂ ಆ್ಯನಿಮಲ್ಸ್?"

"ಮನುಷ್ಯರ ಹೆಸರು ಹೇಳಿದ್ರೆ ಜಗಳಕ್ಕೆ ಬರ್ತಾರೆ. ಬೆಕ್ಕು ಬರುವುದಿಲ್ಲ."

ನರ್ಸರಿಯ ವಾರ್ಷಿಕೋತ್ಸವದ ದಿನ ಸಂಜೆ ಕ್ಯಾರೋಲಿನ್ ಬಂದಳು. ಮುಖ ಕೆಂಪಾಗಿತ್ತು.

"ಎಂತ ಕಲಿಸಿದ್ದು ನೀನು ಮಗುವಿಗೆ? ಫಂಕ್ಷನ್‌ಗೆ ಕರ್ಕೊಂಡು ಹೋದ್ರೆ ಎಲ್ಲರ ಎದುರು ಮೈಕ್ ಹಿಡಿದು ಆ ಬೆಕ್ಕಿನ ಕತೆ ಹೇಳಿತು. ಯಾರು ಕಲಿಸಿದ್ದು ಅಂತ ಸುಹೈಲಾ ಮೇಡಂ ಕೇಳಿದ್ರೆ, ಉಮಾ ಆಂಟಿ, ದಿನಾ ಅವರ ಮನೆಯಲ್ಲೇ ಇರೋದು ಅಂತ ಹೇಳಿಬಿಟ್ಟಿತು!"

"ಮೇಡಂ ಎಂತ ಹೇಳಿದ್ರು?"

ಕ್ಯಾರೋಲಿನ್ ದನಿ ತಗ್ಗಿಸಿದಳು. "ಹೊಡೆಯುವವಳ ಹತ್ರ ನಿನ್ನ ಮಗುವನ್ನು ಬಿಡ್ತೀಯಾ ಅಂತ ಕೇಳಿದ್ರು. ತಾಯಂದಿರೆಲ್ಲ ಅಲ್ಲೇ ನಿಂತಿದ್ರು."

"ನಾನು ಬೆಕ್ಕಿನ ಕತೆ ಹೇಳಿದ್ದು, ಅಕ್ಕ. ಅದಕ್ಕೆ ನಿಮ್ಮ ಹೆಸರು ಇಟ್ಟದ್ದು ನೀವೇ."

ಉಮಾವತಿ ಬಾಗಿಲು ಹಾಕಿ, ಒಳಗೆ ಹೋಗಿ ಮೀನು ಹುರಿದು ಹೊಟ್ಟೆ ತುಂಬ ಉಂಡಳು. ಬಹಳ ದಿನಗಳ ಮೇಲೆ ಊಟ ರುಚಿಸಿತು.

"ಖಲಾಸ್? ಸಮಾಧಾನ ಆಯ್ತಾ?" ಎಂದು ಗಂಡ ಕೇಳಿದ.

"ಆಯ್ತು."

ಸುಳ್ಳೇನಲ್ಲ. ಆದರೆ ಮರುದಿನದಿಂದ ಕ್ರಿಸ್ಟಲ್ ಬರಲಿಲ್ಲ. ಶಾಲೆಯ ಬಸ್ಸು ಕೆಳಗೆ ಬಂದು ನಿಂತ ಸದ್ದಿಗೆ ಉಮಾವತಿ ಎದ್ದು ಕಿಟಕಿಗೆ ಹೋದಳು. ಬೇರೊಬ್ಬ ಹೆಂಗಸು ಮಗುವಿನ ಚೀಲ ಹಿಡಿದುಕೊಂಡು ನಡೆಯುತ್ತಿದ್ದಳು. ಕ್ಯಾರೋಲಿನ್ ಮೇಲೆ ಆಗಲೂ ಕನಿಕರ ಹುಟ್ಟಲಿಲ್ಲ. ಆ ಮಗು ಮಾತ್ರ ಬೇಕೆನಿಸಿತು.