ಕಾಲುಚೀಲದ ಕೌಂಟರಿಗೊಂದು ಸ್ಟೂಲು

1

ಎಲ್ಲಿಂದ ಶುರುಮಾಡುವುದು? ಬಾಗಿಲಿನಿಂದ ಎಂದರೆ, ಆ ಬಾಗಿಲಿಗೆ ದುಡ್ಡು ಹಾಕಿದವರು ಯಾರು ಎಂದು ನೀವು ಕೇಳುತ್ತೀರಿ. ಹಾಗಾಗಿ ನಾಲ್ಕು ಮಹಡಿಯ ಡಿಪಾರ್ಟ್‌ಮೆಂಟ್ ಸ್ಟೋರ್ ಬಗ್ಗೆ ಕಾದಂಬರಿ ಬರೆಯಹೊರಟಾಕೆ ಮೊದಲು ಒಬ್ಬ ಸಾಹುಕಾರರನ್ನು ಹುಟ್ಟಿಸಬೇಕಾಯಿತು. (ಇಪ್ಪತ್ತಾರು ವರ್ಷ ಅಂಥದೇ ಅಂಗಡಿಯಲ್ಲಿ ಗುಂಡಿ, ದಾರ ಮಾರಿದವಳು. ಸಾಹುಕಾರರನ್ನು ಹತ್ತಿರದಿಂದ ಒಮ್ಮೆಯೂ ಕಂಡವಳಲ್ಲ. ಕೋಟಿನ ಗುಂಡಿಯಿಂದ ಶುರುಮಾಡಿ, ಒಳಗೆ ಮನುಷ್ಯನನ್ನು ತುಂಬಿದಳು.)

2

ಬರೆಯುವುದಕ್ಕೆ ಕಾರಣ ಒಂದೇ. ಪಕ್ಕದ ಕೌಂಟರಿನಲ್ಲಿ ಕಾಲುಚೀಲ ಮಾರುತ್ತಿದ್ದ ಅಕ್ಕ ಮೊನ್ನೆ ಊದಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಹೇಳಿದ್ದಳು: "ಪುಸ್ತಕ ಬರೀತೀಯಂತೆ. ಅದರಲ್ಲಾದ್ರೂ ನನ್ನ ಕೂರಿಸೇ."

ಇಬ್ಬರೂ ದುಡಿದ ಆ ಅಂಗಡಿಯಲ್ಲಿ ಕೆಲಸದವರು ಕೂರುವ ಹಾಗಿರಲಿಲ್ಲ. ಕಾಲು ಸೋತಾಗ ಅಕ್ಕ ಕೆಳಗಿನ ಡ್ರಾಯರ್ ಎಳೆದು ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತುಬಿಡುತ್ತಿದ್ದಳು. ಮೇಲ್ವಿಚಾರಕ ಬಂದರೆ, "ಒಂಬತ್ತನೇ ಸೈಜ್ ಹುಡುಕ್ತಿದ್ದೀನಿ ಸಾರ್." ಆ ಡ್ರಾಯರಿನಲ್ಲಿ ಇದ್ದದ್ದು ಹಳೇ ಪೇಪರು ಮಾತ್ರ.

3

ಮೊದಲ ಕರಡಿನಲ್ಲಿ ಸಾಹುಕಾರರು ಅಕ್ಕನಿಗೆ ಮನಸೋತು ಮದುವೆಯಾಗುತ್ತಾರೆ. ಓದಿಸಿದಾಗ ಅಕ್ಕನೇ ಬೇಡವೆಂದಳು: "ಇರೋ ಒಬ್ಬ ಗಂಡನೇ ಸಾಕಪ್ಪ."

ಎರಡನೆಯದರಲ್ಲಿ ಸಾಹುಕಾರರು ಒಂದು ಕನಸು ಕಂಡು ಒಳ್ಳೆಯವರಾಗಿ, ಇಡೀ ಅಂಗಡಿಯನ್ನೇ ದಾನ ಮಾಡುತ್ತಾರೆ. (ನೀವು ನಂಬಿದಿರಾ? ಆಕೆಯೂ ನಂಬಲಿಲ್ಲ. ಹರಿದು ಹಾಕಿದಳು.)

ಮತ್ತೆ 3

ಈ ಸಲ ಆಕೆ ತಾನೇ ಕಾದಂಬರಿಯೊಳಗೆ ಹೊಕ್ಕು, ನೇರ ನಾಲ್ಕನೇ ಮಹಡಿಗೇ ಹತ್ತಿದಳು. ಸಾಹುಕಾರರು ತೋಳುಕುರ್ಚಿಯಲ್ಲಿದ್ದರು. ಯಾವ ಕರಡಿನಲ್ಲೂ ಅವರು ಎದ್ದದ್ದೇ ಇಲ್ಲ; ಮದುವೆಯಾದದ್ದೂ ಕೂತುಕೊಂಡೇ.

"ಸಾರ್, ಕೌಂಟರಿಗೊಂದು ಸ್ಟೂಲ್ ಹಾಕಿಸಿ."

"ನೋಡಮ್ಮ, ಕೆಲಸದವರು ಕೂತ್ರೆ, ಇಲ್ಲಿ ವ್ಯಾಪಾರವೇ ಇಲ್ಲ ಅಂದ್ಕೋತಾರೆ ಗಿರಾಕಿಗಳು."

"ನಿಮ್ಮನ್ನ ಬರೆದವಳು ನಾನು ಸಾರ್."

"ಬರೆದೆ, ಸರಿ. ದುಡ್ಡು ಹಾಕಿದ್ದು ಯಾರು? ನಾನು ವಾಪಸ್ ತಗೊಂಡ್ರೆ ನಿನ್ನ ಕಾದಂಬರಿಗೆ ಗೋಡೆಯೂ ಇರಲ್ಲ."

ಚೌಕಾಸಿ ಮಾಡಿ, ಹೊರಟೇ ಹೋಗುವ ನಾಟಕ ಆಡುವ ಗಿರಾಕಿಗಳನ್ನು ಆಕೆ ಸಾವಿರ ನೋಡಿದ್ದಳು.

"ತಗೊಳ್ಳಿ," ಅಂದಳು.

4

ತಗೊಂಡೇಬಿಟ್ಟರು. (ಆಕೆಯ ಅಂದಾಜು ತಪ್ಪಿತು, ಮುಚ್ಚಿಡುವುದಿಲ್ಲ.) ಲಿಫ್ಟ್ ಹೋಯಿತು, ಗಾಜಿನ ಕಿಟಕಿಗಳು ಹೋದವು, ನಾಲ್ಕೂ ಮಹಡಿ ಹೋದವು. ಬರೀ ಬಯಲು. ನಲವತ್ತು ಹೆಂಗಸರು ಕೌಂಟರ್ ಇಲ್ಲದೆ ಸಾಲಾಗಿ ನಿಂತಿದ್ದಾರೆ.

"ಕೂರಿಸು ಅಂದ್ರೆ ಎಲ್ಲರ ಕೆಲಸಾನೇ ಕಳೆದ್ಯಲ್ಲೇ!" ಅಂದಳು ಅಕ್ಕ.

ಆಕೆ ಪೆನ್ನು ಕಚ್ಚಿದಳು. ಆಮೇಲೆ ತಾನು ಕೂತು ಬರೆಯುತ್ತಿದ್ದ ಅಡುಗೆಮನೆಯ ಸ್ಟೂಲನ್ನೇ ಎತ್ತಿ ಆ ಬಯಲಿನೊಳಗೆ ಬರೆದಳು. ಸಾಹುಕಾರರ ದುಡ್ಡಿನದಲ್ಲವಲ್ಲ, ಮಾಯವಾಗಲಿಲ್ಲ. ಅಕ್ಕ ಕೂತಳು.

ಆಗ ಎಲ್ಲರ ಕಣ್ಣಿಗೂ ಬಿತ್ತು: ತೋಳುಕುರ್ಚಿಯೂ ಅಂಗಡಿಯದೇ ಆಗಿತ್ತು. ಸಾಹುಕಾರರು ನಿಂತಿದ್ದಾರೆ.

5

ಒಂದು ಗಂಟೆಯ ಮೇಲೆ ಅವರೇ ಬಾಯಿಬಿಟ್ಟರು. "ಅಂಗಡಿ ವಾಪಸ್ ಕೊಡ್ತೀನಮ್ಮ. ಮೊದಲಿದ್ದ ಹಾಗೇ."

"ನಲವತ್ತು ಸ್ಟೂಲ್ ಸಮೇತ ಕೊಡಿ."

"ಆಗಲ್ಲ."

"ಹಾಗಾದ್ರೆ ನಿಂತಿರಿ."

ಮೂರು ಗಂಟೆ ನಿಂತ ಮೇಲೆ ಸಾಹುಕಾರರ ಮಂಡಿ ಸೋತಿತು. ಅತ್ತಿತ್ತ ನೋಡಿ, ಮೆಲ್ಲಗೆ ಕುಕ್ಕರಗಾಲಿನಲ್ಲಿ ಕೂತು ಹುಲ್ಲು ತಡಕಾಡತೊಡಗಿದರು.

"ಏನೋ ಬಿತ್ತು. ಹುಡುಕ್ತಿದ್ದೀನಿ."

"ಒಂಬತ್ತನೇ ಸೈಜಾ ಸಾರ್?" ಅಂದಳು ಅಕ್ಕ.

ಇಡೀ ಸಾಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸಾಹುಕಾರರು ಧಡಕ್ಕನೆ ಎದ್ದು ನಿಂತರು.

6

ಮುಗಿಯಿತೇ? ಇಲ್ಲ. ಒಪ್ಪಿದರು ಎಂದು ಬರೆದರೆ ಸುಳ್ಳು. ಒಪ್ಪಲೇ ಇಲ್ಲ ಎಂದು ಬರೆಯಲು ಆಕೆ ತಯಾರಿಲ್ಲ. ಪ್ರಕಾಶಕ ಫೋನ್ ಮಾಡಿ, ಕೊನೇ ಅಧ್ಯಾಯ ಎಲ್ಲಿ ಎನ್ನುತ್ತಾನೆ. "ಅಕ್ಕ ಇನ್ನೂ ಕೂತಿದ್ದಾಳೆ, ಎಬ್ಬಿಸಲ್ಲ," ಎನ್ನುತ್ತಾಳೆ ಆಕೆ.

ಸ್ಟೂಲ್ ಆ ಬಯಲಿನಲ್ಲೇ ಇರುವುದರಿಂದ ಈ ಸಾಲನ್ನು ಆಕೆ ಅಡುಗೆಕಟ್ಟೆಗೆ ಒರಗಿ ನಿಂತೇ ಬರೆಯುತ್ತಿದ್ದಾಳೆ. ತೊಂದರೆಯಿಲ್ಲ. ಆಕೆಗೆ ಇಪ್ಪತ್ತಾರು ವರ್ಷದ ಅಭ್ಯಾಸವಿದೆ. ಸಾಹುಕಾರರಿಗೆ ಇದು ಮೊದಲ ದಿನ.