ಲಮ್ಯಾಯ್ ದೊಡ್ಡಮ್ಮನ ಹರಕೆ ಕುಣಿತ

ಕಿರೀಟದ ದಾರ ಗದ್ದದಡಿ ಕೊರೆಯುತ್ತಿದೆ, ಬಿಗಿಯಾಗಿ ಕಟ್ಟು ಅಂದಿದ್ದಕ್ಕೆ ಈ ಮೇಳದ ಹುಡುಗಿ ಉಸಿರನ್ನೇ ಕಟ್ಟಿಬಿಟ್ಟಳಲ್ಲ, ಇರಲಿ, ಕುಣಿತದ ನಡುವೆ ಬಿದ್ದು ಮಾನ ಹೋಗುವುದಕ್ಕಿಂತ ಕೊರೆಯುವುದೇ ವಾಸಿ — ಲಮ್ಯಾಯ್ ಬುದ್ಧವಿಹಾರದ ಅಂಗಳದಲ್ಲಿ ಬರಿಗಾಲಲ್ಲಿ ನಿಂತಿದ್ದಾಳೆ, ಅರವತ್ತು ದಾಟಿದ ಮಂಡಿ ಈಗಲೇ ತಕರಾರು ತೆಗೆದಿದೆ, ಎದುರಿಗೆ ಮೇಕ್ಲಾಂಗ್ ಪೇಟೆಗೆ ಪೇಟೆಯೇ ನೆರೆದಿದೆ, ಅವಳ ಮೀನು ಶೆಡ್ಡಿಗೆ ಪಕ್ಕದ ಶೆಡ್ಡಿನ ಒಡೆಯ ಕಿಮ್ ಕೂಡ, ಕೈ ಕಟ್ಟಿಕೊಂಡು ನಗುತ್ತಾ, ನಗಲಿ. ಕೆಲಸ ಆದರೆ ಕುಣಿತದ ಮೇಳ ಕರೆಸುತ್ತೇನೆ ಎಂದು ಹರಕೆ ಹೊರುವುದು ಲೋಕದ ರೂಢಿ, ದುಡ್ಡು ಕೊಟ್ಟು ನೆರಳಲ್ಲಿ ಕೂತರಾಯಿತು. ಅವಳೋ ಅವತ್ತು ಗಾಬರಿಯಲ್ಲಿ ಬುದ್ಧನ ಮುಂದೆ ನಿಂತು, ನನ್ನ ಶೆಡ್ಡಿನ ಹೆಣ್ಣುಮಕ್ಕಳು ಇಲ್ಲೇ ಉಳಿದ್ರೆ ನಾನೇ ಕುಣೀತೀನಪ್ಪಾ ಅಂದುಬಿಟ್ಟಳು, ಅದೂ ಬಾಗಿಲಲ್ಲಿ ಹೂ ಮಾರುವವಳಿಗೆ ಕೇಳುವಷ್ಟು ಜೋರಾಗಿ.

ಗಾಬರಿಯಾಗದೆ ಇನ್ನೇನು, ಬರ್ಮಾದಿಂದ ಬಂದ ಕೂಲಿಗಳು ಪರವಾನಗಿ ಮುಗಿದ ಕೂಡಲೇ ಗಡಿಯಾಚೆ ಹೋಗಿ ಹೊಸದಾಗಿ ಅರ್ಜಿ ಹಾಕಿ ಬರಬೇಕು ಎಂದು ಕಾನೂನು ಬಂತು, ಅಲ್ಲಿ ಬಂದೂಕು ಕಾಯುತ್ತಿದೆ, ಹೋದವರು ಬರುತ್ತಾರೆಯೇ, ಕಿಮ್ ತನ್ನ ಕೂಲಿಯವರನ್ನು ಬಸ್ಸು ಹತ್ತಿಸಿದ, ಕಿಟಕಿಯ ಗಾಜಿಗೆ ಒತ್ತಿದ ಅಂಗೈಗಳು, ಒಬ್ಬರೂ ತಿರುಗಿ ಬರಲಿಲ್ಲ, ಅವನ ಶೆಡ್ಡಿನಲ್ಲಿ ಈಗ ಬೆಕ್ಕು ಮಲಗುತ್ತದೆ. ನೀವೂ ಬೀಗ ಹಾಕಿ ಸನ್ಯಾಸಿನಿ ಆಗ್ಬಿಡಿ ದೊಡ್ಡಮ್ಮ, ತಲೆ ಬೋಳಿಸೋ ಖರ್ಚು ನಂದು ಅಂದಿದ್ದ, ಥೂ. ಊರ ಹುಡುಗರನ್ನು ಕರೆದು ನೋಡಿದ್ದಾಯಿತು, ಬಂಗುಡೆಯ ಕತ್ತು ಮೆಲ್ಲಗೆ ಮುರಿದು ತಲೆ ಬಗ್ಗಿಸಿದರೆ ತಾನೇ ಬಿದಿರ ಬುಟ್ಟಿಯಲ್ಲಿ ಕೂತು ಬೇಯುವುದು, ಅವರು ತಲೆಯನ್ನೇ ಕಿತ್ತು ಕೈಗೆ ಕೊಟ್ಟರು, ನಾತ ತಡ್ಯಕ್ಕಾಗಲ್ಲ ದೊಡ್ಡಮ್ಮ ಎಂದು ಮಧ್ಯಾಹ್ನಕ್ಕೆ ನಾಪತ್ತೆ — ಮೀನಿನ ಮಾತು ಹಾಳಾಗಲಿ, ಶೆಡ್ಡಿನ ಬರ್ಮಾ ಹುಡುಗಿ ಮಿ ಚಾನ್, ಹಸಿ ಬಾಣಂತಿ, ಬುಟ್ಟಿ ತೊಳೆಯುತ್ತಲೇ, ಕೂಸನ್ನ ನಿಮ್ಮತ್ರ ಬಿಟ್ಟು ಹೋಗ್ಲಾ ದೊಡ್ಡಮ್ಮ ಎಂದು ಕೇಳಿದಳು, ಕಣ್ಣ ಮುಂದೆ ಮತ್ತೆ ಆ ಗಾಜು, ಆ ಅಂಗೈಗಳು. ಕಾನೂನು ಅಂದ್ರೆ ಕಾನೂನು ಅಂದ ಪರವಾನಗಿ ಕಚೇರಿಯವನು. ನಿನ್ನ ಕಾನೂನಿಗೆ ಬಂಗುಡೆ ಬೇಯ್ಸಕ್ಕೆ ಬರುತ್ತೇನಪ್ಪಾ ಅಂದಳು ಇವಳು, ಶೆಡ್ಡಿನ ಒಡೆಯರನ್ನೆಲ್ಲ ಎಬ್ಬಿಸಿಕೊಂಡು ಹೋಗಿ ಕಚೇರಿಯ ಮುಂದೆಯೇ ಹಸಿಮೀನಿನ ಬುಟ್ಟಿ ಇಟ್ಟು ಕೂತಳು, ಬಿಸಿಲೇರಿತು, ಕಚೇರಿಗೆ ಕಚೇರಿಯೇ ಮೂಗು ಮುಚ್ಚಿಕೊಂಡಿತು, ಊರೂರಲ್ಲೂ ಒಡೆಯರು ಹೀಗೇ ಕೂತರಂತೆ, ಕಡೆಗೆ ಕಾನೂನೇ ಬಗ್ಗಿತು, ಇದ್ದಲ್ಲೇ ಇದ್ದು ಪರವಾನಗಿ ಮುಂದುವರಿಸಬಹುದು, ಕೆಲಸ ಕೊಟ್ಟವರೇ ಹೊಣೆ. ಹೊಣೆಯಂತೆ, ಇಷ್ಟು ದಿನ ಇನ್ಯಾರು ಹೊತ್ತಿದ್ದರೋ!

ಡೋಲಿಗೆ ಪೆಟ್ಟು ಬಿತ್ತು, ಒಂದು ಹೆಜ್ಜೆ ಹಾಕಿ ಸಾಕು ದೊಡ್ಡಮ್ಮ, ಮಿಕ್ಕಿದ್ದು ನಾವು ನೋಡ್ಕೋತೀವಿ ಅನ್ನುತ್ತಾಳೆ ಮೇಳದ ಹುಡುಗಿ, ಸುಮ್ನಿರೇ, ಬಾಯಿ ಬಿಟ್ಟೋಳು ನಾನು, ಕುಣಿಯೋಳೂ ನಾನೇ — ಎಡಗಾಲು, ಬಲಗಾಲು, ಕಿರೀಟ ವಾಲಿತು, ವಾಲಲಿ, ಗೆದ್ದೆ ಕಣೋ ಕಿಮ್, ನೋಡು, ಕಣ್ಣು ತುಂಬಾ ನೋಡು, ಅಯ್ಯೋ ಅವನು ನಗುತ್ತಿಲ್ಲ, ಕಣ್ಣೊರೆಸಿಕೊಳ್ಳುತ್ತಿದ್ದಾನೆ, ಹೆಣ್ಣುಮಕ್ಕಳು ಕೇಕೆ ಹಾಕಿ ಅಂಗಳಕ್ಕೇ ನುಗ್ಗಿದರು, ಹೊಸ ಪರವಾನಗಿ ಕಾರ್ಡು ಕೊರಳಲ್ಲಿ ಕುಣಿಯುತ್ತಿದೆ, ಮಿ ಚಾನ್ ಕಂಕುಳಲ್ಲಿ ಕೂಸು, ಇನ್ನೊಂದು ಕೈ ಮೇಲೆತ್ತಿದ್ದಾಳೆ, ಮೀನಿನ ಪೊರೆ ಅಂಟಿದ ಅಂಗೈ, ಬಿಸಿಲಲ್ಲಿ ಮಿನುಗುತ್ತಾ, ಇಷ್ಟು ಹತ್ತಿರ, ನಡುವೆ ಗಾಜಿಲ್ಲ, ಅಂಗೈ, ಬರೀ ಅಂಗೈ —